ಗ್ರಹಣಕ್ಕೆ ಮುಂಚೆ

ಗ್ರಹಣದ ದಿನ ಬೆಳಿಗ್ಗೆ ಹೆಂಗಸೊಬ್ಬರು ದರ್ಭೆ ಹಿಡಿದು ನಮ್ಮ ಲ್ಯಾಬಿಗೆ ಬಂದರು. ಸ್ಟೆಮ್ ಸೆಲ್ ಕಸಿಯ ಸಂಶೋಧನೆಗೆಂದು ಅವರು ಕೊಟ್ಟಿದ್ದ ರಕ್ತ ನಮ್ಮ ಫ್ರೀಜರಿನಲ್ಲಿತ್ತು.

"ದೋಷ ತಟ್ಟದ ಹಾಗೆ ಇದನ್ನ ನನ್ನ ರಕ್ತದ ಮೇಲಿಡಮ್ಮ."

"ಮೈನಸ್ ಎಂಬತ್ತು ಡಿಗ್ರಿಯಲ್ಲಿದೆ ಆಂಟಿ, ಏನೂ ಆಗಲ್ಲ. ಸುಮ್ಮನೆ ಬಾಗಿಲು ತೆಗೆಯೋ ಹಾಗಿಲ್ಲ."

"ನಮ್ಮನೆ ಫ್ರಿಜ್ಜೂ ತಣ್ಣಗೇ ಇದೆ. ಅದರೊಳಗಿನ ಮೊಸರಿಗೂ ಹಾಕಿ ಬಂದೆ. ಆಗಲ್ಲ ಅಂದ್ರೆ ನನ್ನ ರಕ್ತ ವಾಪಸ್ ಕೊಟ್ಟುಬಿಡು."

ಅಷ್ಟು ಅಪರೂಪದ ರಕ್ತ ನಮಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ವಾದ ಮಾಡಿ ಗೆಲ್ಲುವವಳು ನಾನಲ್ಲ. ದರ್ಭೆಯನ್ನು ಫ್ರೀಜರಿನ ಹೊರಗೆ ಟೇಪು ಹಾಕಿ ಅಂಟಿಸಿದೆ. ಅವರು ಸಮಾಧಾನದಿಂದ ಹೊರಟರು.

ಅದನ್ನು ಕೀಳುವಷ್ಟರಲ್ಲಿ ನಮ್ಮ ಸಂಸ್ಥೆಯ ನಿರ್ದೇಶಕರು ಬಂದುಬಿಟ್ಟರು. ಗ್ರಹಣ ಬರೀ ನೆರಳು ಎಂದು ಜನರಿಗೆ ತೋರಿಸಲು, ಟಿವಿಯವರ ಎದುರು ಮೈದಾನದಲ್ಲಿ ಕೂತು ತಿನ್ನಲಿದ್ದ ಮಂಡಕ್ಕಿ ಪೊಟ್ಟಣ ಅವರ ಕೈಯಲ್ಲಿತ್ತು.

"ಯಾರಮ್ಮ ಇದನ್ನ ಅಂಟಿಸಿದ್ದು?"

"ನಾನೇ ಸರ್," ಎಂದೆ. ಕೆಲಸ ಹೋಯಿತು ಎಂದುಕೊಂಡೆ.

ಅವರು ಕೋಣೆಯ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು:

"ಪಕ್ಕದ ಎರಡು ಫ್ರೀಜರ್ ಏನು ಪಾಪ ಮಾಡಿದ್ವು?"