ಒಂದರಿಂದ ಐದರೊಳಗೆ

ಪರದೆಯ ಮೇಲೆ ಆ ಹೆಸರು ಮೂಡಿದ ಕೂಡಲೇ ವೀಪ್ಕೆ ಬಾಯಲ್ಲಿದ್ದ ಚೀಸ್ ಬ್ರೆಡ್ಡಿನ ತುಣುಕನ್ನು ಅಗಿಯದೆಯೇ ನುಂಗಿದಳು. ಯೋರಿತ್ ಹಾವೆಮನ್. ಈ ಕೆಲಸಕ್ಕೆ ಸೇರಿದ ಆರು ವರ್ಷದಿಂದ ಈ ಹೆಸರು ತನ್ನ ಪಾಲಿಗೇ ಬರಲಿ ಎಂದು ಕಾದಿದ್ದಳು.

ಅವಳ ಕೆಲಸ ಸರಳ. ಪದವಿ ಪಡೆದು ಹತ್ತು ವರ್ಷವಾದವರಿಗೆ ಫೋನ್ ಮಾಡಬೇಕು. ಓದಿದ್ದಕ್ಕೂ ಮಾಡುತ್ತಿರುವ ಕೆಲಸಕ್ಕೂ ಎಷ್ಟು ಹೊಂದಿಕೆ ಎಂದು ಕೇಳಬೇಕು. ಒಂದರಿಂದ ಐದರೊಳಗೆ ಅಂಕ ಬರೆದುಕೊಳ್ಳಬೇಕು. ಗ್ರೋನಿಂಗನ್ ನಗರದ ಈ ಸಮೀಕ್ಷಾ ಕಚೇರಿಯಲ್ಲಿ ಕುಳಿತು ಊರಿಗೆಲ್ಲ ಆ ಪ್ರಶ್ನೆ ಕೇಳಿದ್ದಳು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಅಂತಿಮ ಪ್ರಬಂಧದ ಕೋಷ್ಟಕಗಳನ್ನೆಲ್ಲ ಹಾಕಿದವಳು ಇವಳು. ಅವನ್ನು ಕದ್ದು ಒಂದು ವಾರ ಮೊದಲೇ ಸಲ್ಲಿಸಿದವನು ಅವನು. ಅವನಿಗೆ ಮೊದಲ ಸ್ಥಾನ ಸಿಕ್ಕಿತು. ಇವಳಿಗೂ ಪದವಿಯೇನೋ ಸಿಕ್ಕಿತು, ಜೊತೆಗೆ ‘ನಕಲು’ ಎಂಬ ಷರಾ. ಆ ಷರಾ ನೋಡಿದ ಮೇಲೆ ಯಾವ ಕಚೇರಿಯೂ ಅವಳ ಕೈಗೆ ಅಂಕಿಅಂಶ ಕೊಡಲಿಲ್ಲ. ಇಲ್ಲಿ ಹೆಡ್‌ಫೋನ್ ಕೊಟ್ಟರು.

ಗೋಡೆಯಾಚೆ ಕಾಫಿ ಯಂತ್ರ ಕತ್ತೆಯಂತೆ ಅರಚಿತು.

“ಈ ದರಿದ್ರದ್ದನ್ನ ಕಾಲುವೆ ಕಡೆ ಕೋಣೆಗೆ ಹಾಕಿದ್ರೂ ಪ್ರಾಣ ತಿನ್ನುತ್ತೆ,” ಮೇಲ್ವಿಚಾರಕಿ ಟ್ರೂಸ್ ಬೈದುಕೊಳ್ಳುತ್ತಾ ಬಂದಳು. “ವೀಪ್ಕೆ, ಹೊಸಬರು ಆ ಕೋಣೇಲೇ ಕಾಯ್ತಿದ್ದಾರೆ, ಹನ್ನೊಂದಕ್ಕೆ ಅವರಿಗೆ ಪಾಠ ನಿಂದೇ ಕಣೇ. ಸುಳ್ಳು ಹೇಳೋರ ಹತ್ರ ಮರ್ಯಾದೆ ಬಿಡದೆ ಹೇಗೆ ಮಾತಾಡೋದು ಅಂತ ಹೇಳ್ಕೊಡು.”

“ಹೇಳ್ಕೊಡೋಣ ಬಿಡಿ.”

ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. ವೀಪ್ಕೆ ಗುಂಡಿ ಒತ್ತಿದಳು. ಮೂರನೆಯ ರಿಂಗಿಗೆ ಅವನೇ ಎತ್ತಿದ. ಅವನ ಬಾಯಲ್ಲಿದ್ದ ಉಪ್ಪು ಜೇಷ್ಠಮಧುವಿನ ಮಿಠಾಯಿ ಹಲ್ಲಿಗೆ ಟಕ್ ಎಂದು ಬಡಿದದ್ದು ಕೇಳಿಸಿತು. ಕಾಲೇಜಿನ ದಿನಗಳ ಅದೇ ಚಟ.

“ನಮಸ್ಕಾರ. ಪದವೀಧರರ ಸಮೀಕ್ಷೆ, ಹದಿನೇಳನೇ ನಂಬರ್ ಮಾತಾಡ್ತಿರೋದು. ಈ ಕರೆಯನ್ನ ಹೊಸ ಸಿಬ್ಬಂದಿಯ ತರಬೇತಿಗೆ ರೆಕಾರ್ಡ್ ಮಾಡ್ಕೊಳ್ತೀವಿ. ನಿಮ್ಮ ಹೆಸರು ಎಲ್ಲೂ ಬರಲ್ಲ. ಒಪ್ಪಿಗೇನಾ?”

“ಒಪ್ಪಿಗೆ, ಒಪ್ಪಿಗೆ. ಬೇಗ ಕೇಳಿ ಮೇಡಂ, ಹನ್ನೊಂದಕ್ಕೆ ಸಭೆ ಇದೆ.”

ಅವಳ ದನಿ ಅವನಿಗೆ ಗುರುತು ಸಿಗಲಿಲ್ಲ. ಒಂದೇ ಬೆಂಚಿನಲ್ಲಿ ಕೂತಾಗಲೂ ಅವನು ಅವಳ ಮಾತನ್ನು ಕಿವಿಗೆ ಹಾಕಿಕೊಂಡವನಲ್ಲ.

“ಈಗಿನ ಹುದ್ದೆ?”

“ನಿರ್ದೇಶಕ. ಸಮೀಕ್ಷೆಗಳ ಕ್ಷೇತ್ರ. ದೊಡ್ಡ ಸಂಸ್ಥೆ.”

“ಓದಿಗೂ ಕೆಲಸಕ್ಕೂ ಹೊಂದಿಕೆ, ಒಂದರಿಂದ ಐದರೊಳಗೆ?”

“ಐದು. ಆರು ಇದ್ರೆ ಆರು ಬರ್ಕೊಳ್ಳಿ.”

ಕಾಫಿ ಯಂತ್ರ ಮತ್ತೆ ಅರಚಿತು. ವೀಪ್ಕೆಯ ಹೆಡ್‌ಫೋನ್ ಒಂದೇ ಕಿವಿಯದು. ತೆರೆದಿದ್ದ ಇನ್ನೊಂದು ಕಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡಳು. ಫೋನಿನ ಕಿವಿಯಲ್ಲಿ ಅರಚಾಟ ಕಡಿಮೆಯಾಗಲಿಲ್ಲ.

“ಕ್ಷಮಿಸಿ, ಗಲಾಟೆ,” ಎಂದಳು.

“ಹೂಂ, ಕೇಳಿಸ್ತು ಕೇಳಿಸ್ತು,” ಎಂದ ಅವನು, ಅವಸರದಲ್ಲಿ.

ಅವಳು ಪ್ರಶ್ನಾವಳಿಯನ್ನು ಪಕ್ಕಕ್ಕೆ ಸರಿಸಿದಳು. ದನಿ ಬೆಣ್ಣೆಯಾಯಿತು.

“ನಿಮ್ಮ ಕೈಕೆಳಗೆ ಎಷ್ಟು ಜನ ಸಾರ್?”

“ಮೂವತ್ತು. ಪಾಪ, ಬೆಳಗಿಂದ ಸಂಜೆವರೆಗೂ ಫೋನ್ ಹಿಡ್ಕೊಂಡು ಕೂತಿರೋರು. ನಿಮ್ಮ ಥರಾನೇ!” ಅವನು ನಕ್ಕ.

“ನಿಮಗೇ ಅಂತ ಬೇರೆ ಕೋಣೆ ಇದೆಯಾ?”

“ಇಲ್ದೆ ಇರುತ್ತಾ? ಕಿಟಕಿ ಪಕ್ಕಾನೇ ಕೂತಿದ್ದೀನಿ.”

“ಕೊನೇ ಪ್ರಶ್ನೆ. ಅಂತಿಮ ಪ್ರಬಂಧದಲ್ಲಿ ಕಲಿತದ್ದು ಎಷ್ಟು ಉಪಯೋಗಕ್ಕೆ ಬಂತು?”

“ಹೆಸರು ಬರಲ್ಲ ಅಂದ್ರಲ್ಲ?”

“ಬರಲ್ಲ ಸಾರ್. ಆಣೆ.”

“ಹಾಗಾದ್ರೆ ಒಂದು ತಮಾಷೆ ಕೇಳಿ.” ಮಿಠಾಯಿ ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿತು. “ಅದು ನಾನು ಬರೆದಿದ್ದೇ ಅಲ್ಲ. ಒಬ್ಬಳಿದ್ಲು, ಹಳ್ಳಿ ಗುಗ್ಗು. ರಜೆಯೆಲ್ಲ ಕೂತು ಕೋಷ್ಟಕ ಹಾಕಿದ್ಲು. ನಾನು ಎತ್ಕೊಂಡೆ. ಸಿಕ್ಕಿಬಿದ್ದಿದ್ದು ಯಾರು ಹೇಳಿ? ಅವಳೇ!”

“ಅವಳ ಹೆಸರು?”

“ವೀಪ್ಕೆ ಏನೋ. ಯಾರಿಗೆ ನೆನಪಿರುತ್ತೆ?”

ಹತ್ತು ವರ್ಷ ಬೇಕಾಗಿತ್ತು, ಈ ಮಾತು ಅವನ ಬಾಯಿಂದ ಬೀಳಲು. ವೀಪ್ಕೆ ಉಗುರನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದಳು.

“ತುಂಬಾ ಉಪಕಾರ ಆಯ್ತು ಸಾರ್. ನಿಮ್ಮ ಉತ್ತರ ಬಹಳ ಕೆಲಸಕ್ಕೆ ಬರುತ್ತೆ.”

“ಯಾರಿಗೆ?”

“ಹೊಸದಾಗಿ ಕೆಲಸಕ್ಕೆ ಸೇರೋರಿಗೆ.”

ಕರೆ ಮುಗಿದೊಡನೆ ವಿಶ್ವವಿದ್ಯಾಲಯದ ಕುಲಸಚಿವರಿಗೆ ಪತ್ರ ಬರೆಯತೊಡಗಿದಳು. ‘ಷರಾ ಅಳಿಸುವ ಬಗ್ಗೆ. ಆಧಾರ: ಲಗತ್ತಿಸಿದ ಧ್ವನಿಮುದ್ರಣ.’ ಇನ್ನೊಂದು ಗುಂಡಿ ಒತ್ತಿದ್ದರೆ ಹೋಗಿಯೇಬಿಡುತ್ತಿತ್ತು. ಅವಳ ಬೆರಳು ತಡೆದು ನಿಂತಿತು. ಆಣೆ ಇಟ್ಟಾಗಿತ್ತು. ಅವನ ಹೆಸರು ಹೊರಗೆ ಹೋಗಕೂಡದು. ಧ್ವನಿಮುದ್ರಣ ತರಬೇತಿಗೆ ಮಾತ್ರ ಸಲ್ಲಬೇಕು. ಒಮ್ಮೆ ಕಳ್ಳಿ ಎನಿಸಿಕೊಂಡವಳು ಮತ್ತೊಮ್ಮೆ ಯಾರ ಕೈಯಲ್ಲೂ ಸಿಕ್ಕಿಬೀಳಬಾರದು. ಪತ್ರವನ್ನು ಅಳಿಸಿಹಾಕಿದಳು. ಬೇಸರವಾಗಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಎದ್ದು, ಕೂದಲು ಸರಿಮಾಡಿಕೊಂಡು, ಕಾಲುವೆ ಕಡೆಯ ಕೋಣೆಗೆ ಹೋದಳು. ಹೊಸಬರು ಆರು ಜನ, ಕೈಯಲ್ಲಿ ಕಾಫಿ ಲೋಟ. ಯಾರ ಮುಖವನ್ನೂ ನೋಡದೆ ಧ್ವನಿವರ್ಧಕದ ತಂತಿ ಸಿಕ್ಕಿಸಿದಳು.

“ನಾನು ವೀಪ್ಕೆ. ಮೊದಲ ಪಾಠ, ಎದುರಿನವರು ಸುಳ್ಳು ಹೇಳುವಾಗ ಕೇಳಿಸಿಕೊಳ್ಳೋದು ಹೇಗೆ ಅಂತ. ಇದು ಈಗಷ್ಟೇ ಮಾಡಿದ ಕರೆ. ಹೆಸರು ತೆಗೆದಿದ್ದೀನಿ. ದನಿ ಮಾತ್ರ ಅವರದೇ.”

ಗುಂಡಿ ಒತ್ತಿದಳು. ‘ನಿರ್ದೇಶಕ. ಸಮೀಕ್ಷೆಗಳ ಕ್ಷೇತ್ರ...’

ಐದು ತಲೆಗಳು ಕಿಟಕಿಯತ್ತ ತಿರುಗಿದವು. ಅಲ್ಲಿ ಕೂತಿದ್ದ ಆರನೆಯವನ ಬಾಯಲ್ಲಿ ಹಲ್ಲಿಗೆ ಬಡಿಯುತ್ತಿದ್ದ ಜೇಷ್ಠಮಧು ಥಟ್ಟನೆ ನಿಂತಿತು, ಅವನ ಎದೆಯ ಮೇಲಿನ ಚೀಟಿಯಲ್ಲಿ ಶಾಯಿ ಇನ್ನೂ ಆರಿರಲಿಲ್ಲ: ‘ಯೋರಿತ್. ಫೋನ್ ಸಹಾಯಕ, ಮೊದಲ ದಿನ.’