ಆರಿಸಿ ತೆಗೆಯಿರಿ

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತಳ್ಳಿ ಒಳಗೆ ಬಂದ ಸಂಶೋಧಕಿಗೆ ಮೊದಲು ಕಂಡದ್ದು ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿಟ್ಟ ಏಳು ಬಿಳಿ ಬಿಲ್ಲೆಗಳು. ಏಳೂ ಹೋಳಾಗಿದ್ದವು. ಪಕ್ಕದಲ್ಲಿ ಕುಲುಮೆ ನೋಡಿಕೊಳ್ಳುವ ಅಣ್ಣ, ದಪ್ಪ ಕೈಗವಸು ತೊಟ್ಟು, ಉದ್ದನೆಯ ಇಕ್ಕಳ ಹಿಡಿದು, ಏನೋ ಘನಕಾರ್ಯ ಮುಗಿಸಿದವನಂತೆ ನಿಂತಿದ್ದ.

ಬಿಲ್ಲೆಗಳು ಜಿರ್ಕೋನಿಯಾದವು, ಅದೊಂದು ಲೋಹದ ಆಕ್ಸೈಡು. ಸಾವಿರದ ಇನ್ನೂರು ಡಿಗ್ರಿಗೆ ಕಾಯಿಸಿದರೆ ಅದರ ಹರಳುಗಳು ಬೇರೆ ರೂಪಕ್ಕೆ ಹೊರಳುತ್ತವೆ, ಆರುವಾಗ ಹಳೆಯ ರೂಪಕ್ಕೆ ಮರಳುತ್ತಾ ಉಬ್ಬುತ್ತವೆ. ಗಡಿಬಿಡಿ ಮಾಡಿದರೆ ಬಿಲ್ಲೆ ಒಡೆಯುತ್ತದೆ. ಒಡೆಯದ ಹಾಗೆ ಇನ್ನೊಂದು ಆಕ್ಸೈಡನ್ನು ಎಷ್ಟು ಬೆರೆಸಬೇಕೆಂದು ಹುಡುಕುವುದರಲ್ಲೇ ಐದು ವರ್ಷ ಸವೆದಿತ್ತು. ಪುಡಿಯೂ ಮುಗಿದಿತ್ತು. ನಾಳೆ ಸಮಿತಿಯ ಮುಂದೆ ಒಂದಾದರೂ ಇಡೀ ಬಿಲ್ಲೆ ಇಡದಿದ್ದರೆ ಅವಳ ಡಾಕ್ಟರೇಟು ಇನ್ನೊಂದು ವರ್ಷ ಮುಂದಕ್ಕೆ.

"ಇದನ್ನ ಬಿಸಿಬಿಸಿಯಾಗೇ ತೆಗಿ ಅಂತ ಯಾರಣ್ಣ ಹೇಳಿದ್ದು?"

"ನೀವೇ ಮೇಡಂ," ಎಂದು ಅವನು ಕುಲುಮೆಗೆ ಅಂಟಿಸಿದ್ದ ಚೀಟಿ ತೋರಿಸಿದ. ಅವಳದೇ ದುಂಡು ಅಕ್ಷರ: 'ಗಂಟೆ ಬಾರಿಸಿದ ಮೇಲೆ ಬಿಲ್ಲೆಗಳನ್ನು ನಿಧಾನವಾಗಿ ಆರಿಸಿ ತೆಗೆಯಿರಿ.'

ಆರಿಸಿ ಎಂದರೆ ತಣ್ಣಗಾಗಿಸಿ, ಇನ್ನೇನು ಮಣ್ಣು? ಆದರೆ ಈ ಮಹಾಶಯ ಇಲ್ಲಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಟೈಲ್ಸ್ ಕಾರ್ಖಾನೆಯಲ್ಲಿದ್ದವನು. ಸೊಟ್ಟಗಿದ್ದದ್ದನ್ನು ಬಿಟ್ಟು ನೆಟ್ಟಗಿದ್ದದ್ದನ್ನು ಆರಿಸುವುದೇ ಅವನ ಕಸುಬು. ಕುಲುಮೆಯ ಗಂಟೆ ಬಾರಿಸಿದ್ದೇ ತಡ, ಒಂದೊಂದಕ್ಕೂ ಬಾಗಿಲು ತೆಗೆದು, ಮುಚ್ಚಿ, ಚೀಟಿಯಲ್ಲಿದ್ದಷ್ಟೇ ನಿಧಾನವಾಗಿ ಆರಿಸಿದ್ದ. ಬೈಯೋಣವೆಂದರೆ ಅವನ ತಪ್ಪೇನಿದೆ? ಇಷ್ಟು ಓದಿದವಳಿಗೆ ಒಂದು ಸಾಲು ಸರಿಯಾಗಿ ಬರೆಯಲು ಬರಬಾರದೇ, ಕರ್ಮ. ಅವಳು ಚೀಟಿಯನ್ನು ಕಿತ್ತು ಮುದ್ದೆ ಮಾಡಿ ಎಸೆದಳು. ಹೋಳುಗಳನ್ನಾದರೂ ಡಬ್ಬಿಗೆ ತುಂಬೋಣವೆಂದು ಎಣಿಸುತ್ತಾ ಬಂದವಳು ಏಳಕ್ಕೆ ನಿಂತಳು.

"ಎಂಟಿಟ್ಟಿದ್ದೆ. ಇನ್ನೊಂದೆಲ್ಲಿ?"

ಅವನು ತಲೆ ಕೆರೆದುಕೊಂಡ. ಮೂಲೆಯಲ್ಲಿದ್ದ ಒಂದು ಸೊಟ್ಟ ಇತ್ತಂತೆ, ಕೆಲಸಕ್ಕೆ ಬರೋದಲ್ಲ ಅಂತ ಒಳಗೇ ಬಿಟ್ಟನಂತೆ.

ಅವಳು ಕುಲುಮೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತವಳು ಸಂಜೆಯವರೆಗೂ ಏಳಲಿಲ್ಲ. ಅವನನ್ನೂ ಹತ್ತಿರ ಬರಗೊಡಲಿಲ್ಲ. ಕುಲುಮೆಯ ಪರದೆಯ ಮೇಲೆ ಡಿಗ್ರಿಯ ಅಂಕಿ ಒಂದೊಂದೇ ಇಳಿಯಿತು. ನಲವತ್ತಕ್ಕೆ ಬಂದಾಗ ಬಾಗಿಲು ತೆರೆದು ಒಳಗೆ ಕೈಹಾಕಿದಳು. ಬಿಲ್ಲೆ ಒಂದು ಕಡೆ ಬಾಗಿತ್ತು. ಉಗುರಿನಿಂದ ತಟ್ಟಿದರೆ ಟಣ್ ಎಂದಿತು. ಎಲ್ಲೂ ಒಂದು ಗೀರಿಲ್ಲ.

ಅವಳ ಅಂಗೈಯೊಳಗೆ ಇಣುಕಿದ ಅಣ್ಣನಿಗೆ ನಿಜಕ್ಕೂ ಪೇಚಾಯಿತು.

"ಅಯ್ಯೋ, ಇದನ್ನ ಯಾರು ಆರಿಸ್ತಾರೆ ಮೇಡಂ?"