ಒಲೆಗೆ ಬಳಿದ ಗಣಿಮಣ್ಣು

ಹೂವಿನ ಕುಂಡಕ್ಕೆ ನೀರು ಹಾಕಿದಾಗ ಏಳುವ ಹಸಿಮಣ್ಣಿನ ವಾಸನೆಗೆ ಈಗಲೂ ನನ್ನ ಎದೆ ಒಮ್ಮೆ ಝಲ್ಲೆನ್ನುತ್ತದೆ.

ಹಳೆಯ ಚಿನ್ನದ ಗಣಿಯವರು ಚೆಲ್ಲಿಹೋದ ಮಣ್ಣನ್ನು ನಮ್ಮ ಅಜ್ಜಿ ಹೊತ್ತು ತಂದು, ಕಟ್ಟಿಗೆಯ ಮರಿಗೆಯಲ್ಲಿ ತೊಳೆದು, ಅದರೊಳಗೆ ಉಳಿದ ಬಂಗಾರ ತೆಗೆಯುತ್ತಿದ್ದಳು. ಆ ಸಲದ ಒಂದು ಬುಟ್ಟಿ ಮಣ್ಣು ಅಕ್ಕನ ತಾಳಿಯ ಗುಂಡಿಗೆಂದು ಎತ್ತಿಟ್ಟದ್ದು. ಚಿಕ್ಕವಳು, ನನಗೇನು ಗೊತ್ತು? ಅಣ್ಣಿಗೇರಿಯ ನಮ್ಮ ಕರಿಮಣ್ಣು ಒಲೆಗೆ ಬಳಿದರೆ ಬಿರುಕು ಬಿಡುತ್ತಿತ್ತು. ಬುಟ್ಟಿಯಲ್ಲಿದ್ದ ಆ ನುಣ್ಣನೆಯ ಬೂದು ಮಣ್ಣನ್ನೇ ಸಗಣಿಯೊಂದಿಗೆ ಕಲಸಿ ಬಳಿದುಬಿಟ್ಟೆ.

ಸಂತೆಯಿಂದ ಬಂದ ಅವ್ವ ಖಾಲಿ ಬುಟ್ಟಿ ಕಂಡು, ಒಲೆಯನ್ನೂ ನನ್ನನ್ನೂ ನೋಡಿದಳು. "ಏನ್ ಮಾಡಿದಿ ಬೇ?"

ಅಜ್ಜಿ ಒಲೆಯ ಮೇಲೆ ಕೈಯಾಡಿಸಿದಳು. "ಗಣಿಯವರು ಚೆಲ್ಲಿದ್ರೂ ಹೋಗಿಲ್ಲ, ಇಕಿ ಬಳದ್ರ ಹೋಗತೈತೇನ?" ಎಂದವಳೇ ಕುಡುಗೋಲಿನ ಮೊನೆಯಿಂದ ಕೆರೆಯತೊಡಗಿದಳು. ತೊಳೆಯಲು ಕೂತಾಗ, ಮೊದಲು ಮಣ್ಣು ಮೆತ್ತಿದ ನನ್ನ ಕೈಯನ್ನೇ ಮರಿಗೆಯಲ್ಲಿ ಅದ್ದಿ ತೊಳೆದಳು.

ಇಳಿಹೊತ್ತಿಗೆ ಮರಿಗೆಯ ತಳದಲ್ಲಿ ಹಳದಿ ಗೆರೆಯೊಂದು ಹೊಳೆಯಿತು. ಅವ್ವ ಉಸಿರು ಬಿಟ್ಟು, ನನ್ನನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಒಲೆ ನೋಡಿ ಕೇಳಿದಳು: "ಅತ್ತಿ, ಆ ಬಾಜು ಕೆರೀಲಿಲ್ಲಲ್ರಿ?"

"ಆ ಬಾಜು ಅಗದಿ ಚಂದ ಬಳದಾಳ," ಅಂದಳು ಅಜ್ಜಿ. "ಇರ್ಲಿ ಬಿಡು."